ಗಾರ್ಡನ ಎದೆಯ ಬಿಲ್ಲೆ

"ನಮ್ಮೋರ ಹೆಣದ ಎದೆಯಿಂದ ಬಿಲ್ಲೆ ಕದ್ದಿದಾರೆ, ಅಕ್ಕ," ಎಂದಳು ಕೆಳಮನೆಯ ರೈಲ್ವೆ ಗಾರ್ಡನ ಹೆಂಡತಿ.

ಮಹಡಿಯಲ್ಲಿ ವಾಸವಿದ್ದ ಅಕ್ಕ ಆಪರೇಷನ್ ಕೋಣೆಯಲ್ಲಿ ಮೂವತ್ತು ವರ್ಷ ನರ್ಸಾಗಿದ್ದವರು. ಆ ಕಟ್ಟಡದಲ್ಲಿ ಏನು ಕಳೆದರೂ ಜನ ಮೊದಲು ತಟ್ಟುತ್ತಿದ್ದುದು ಅವರ ಬಾಗಿಲು. ಅಕ್ಕನ ಜೊತೆಗೇ ವಾಸವಿದ್ದ ಅವರ ತಮ್ಮ, ಶಾಲೆಯ ಮೇಷ್ಟ್ರು, ಹೀಗೆ ಬಗೆಬಗೆಯ ಕಳ್ಳತನ ಕಂಡಿದ್ದರು. ಆದರೆ ಹೆಣದಿಂದ ಕದ್ದದ್ದನ್ನು ಕಂಡಿರಲಿಲ್ಲ.

ತನ್ನನ್ನು ಬಿಲ್ಲೆಸಮೇತ ಸಮವಸ್ತ್ರದಲ್ಲೇ ಮಣ್ಣು ಮಾಡಬೇಕೆಂದು ಗಾರ್ಡ್ ಹೇಳಿ ಸತ್ತಿದ್ದ. ಹದಿನೇಳನೇ ನಂಬರಿನ ಆ ಹಿತ್ತಾಳೆ ಬಿಲ್ಲೆಗಾಗಿ ಹಳೆಯ ರೈಲು ಸಾಮಾನು ಕೂಡಿಡುವವರು ಅವನ ಹೊಸ್ತಿಲು ಸವೆಸಿದ್ದರು. ಈಗ ಕೋಟಿನ ಮೇಲಿದ್ದದ್ದು ನಕಲು. ಅಸಲಿನಲ್ಲಿ ಒರೆಸಿ ಒರೆಸಿ ಸವೆದಿದ್ದ ಅಂಕಿ ಇದರಲ್ಲಿ ಚೂಪಾಗಿತ್ತು. ಬಿಲ್ಲೆಯ ಹಿಂದಿನ ತಿರುಪು ಎದೆಗೆ ಚುಚ್ಚದಿರಲೆಂದು ಹೆಂಡತಿ ಒಳಗಡೆ ಹೊಲಿದಿದ್ದ ಬಟ್ಟೆಯ ತುಂಡನ್ನು ಯಾರೋ ಬಿಚ್ಚಿ ಮತ್ತೆ ಹೊಲಿದಿದ್ದರು.

ಹೆಣದ ಬಳಿ ಒಂಟಿಯಾಗಿ ಕೂತಿದ್ದವರು ಇಬ್ಬರೇ. ಒಬ್ಬರು, ಚಿಕಿತ್ಸೆಗೆ ಬಂದಾಗಲೆಲ್ಲ ರೈಲಿನ ಕತೆ ಕೇಳುತ್ತಿದ್ದ ಡಾಕ್ಟರು. ಇನ್ನೊಬ್ಬ, ಅಣ್ಣನ ನೆನಪಿಗೆ ಬಿಲ್ಲೆ ಕೊಡಿ ಎಂದು ನಿನ್ನೆಯಷ್ಟೇ ಕೇಳಿದ್ದ ದರ್ಜಿ ಮೈದುನ.

"ಸೂಜಿ ಹಿಡಿಯೋ ಕೈ ಇನ್ಯಾರದು?" ಎಂದು ಅವಳು ಅತ್ತಳು.

ಅಕ್ಕ ಕೆಳಗಿಳಿದು ಕೋಟಿನ ಗುಂಡಿ ಬಿಚ್ಚಿ, ಒಳಬದಿ ಮಗುಚಿ ನೋಡಿದರು. ಒಂದೊಂದು ಹೊಲಿಗೆಗೂ ಒಂದೊಂದು ಗಂಟಿತ್ತು. ಎಲ್ಲರನ್ನೂ ಆ ಕೋಣೆಗೇ ಕರೆಸಿದರು.

"ದರ್ಜಿ ದಾರ ಓಡಿಸ್ತಾನೆ, ಕೊನೇಲಿ ಒಂದು ಗಂಟು ಹಾಕ್ತಾನೆ. ಹೊಲಿಗೆಗೊಂದು ಗಂಟು ಹಾಕಿ ಕತ್ತರಿಸೋದು ಗಾಯ ಹೊಲಿಯೋರು. ಇನ್ನು ನಕಲು ರಾತ್ರೋರಾತ್ರಿ ಹುಟ್ಟಲ್ಲ. ಅವರು ಬದುಕಿದ್ದಾಗಲೇ ಮಾಡಿಸಿಟ್ಕೊಂಡು, ಬ್ಯಾಗಲ್ಲಿಟ್ಕೊಂಡೇ ಬಂದು ಅವರ ನಾಡಿ ಹಿಡೀತಿದ್ರಿ, ಡಾಕ್ಟ್ರೇ."

ಡಾಕ್ಟರು ಬ್ಯಾಗಿನಿಂದ ಕರವಸ್ತ್ರದ ಗಂಟು ತೆಗೆದು ಮೇಜಿನ ಮೇಲಿಟ್ಟರು. "ಮಣ್ಣಲ್ಲಿ ಕೊಳೆಯೋ ಬದಲು ನನ್ನ ಕಪಾಟಲ್ಲಿ ಭದ್ರವಾಗಿರ್ತಿತ್ತು. ಯೋಚನೆ ಮಾಡಿ ನೋಡಿ," ಎಂದರು, ಔಷಧಿ ಬರೆದುಕೊಡುವ ಅದೇ ಮೆತ್ತನೆಯ ದನಿಯಲ್ಲಿ.

ಹೋದ ವಾರವಷ್ಟೇ ಆ ಕೈಯಿಂದ ಮಾತ್ರೆ ತೆಗೆದುಕೊಂಡಿದ್ದ ಮೇಷ್ಟ್ರು ಬಾಗಿಲು ತೆರೆದು, ಡಾಕ್ಟರು ಹೊರಗೆ ಹೋಗುವತನಕ ಮುಖ ತಿರುಗಿಸಿ ನಿಂತರು.

"ನಿನ್ನ ಮೇಲೆ ಅನುಮಾನಪಟ್ಟೆ ಕಣಪ್ಪ," ಎಂದಳು ಗಾರ್ಡನ ಹೆಂಡತಿ.

ಮೈದುನ ಬಿಲ್ಲೆ ಕೈಗೆತ್ತಿಕೊಂಡು ಸೂಜಿಗೆ ದಾರ ಪೋಣಿಸಿದ.

"ಅಣ್ಣನ್ನ ಸ್ವಲ್ಪ ಎತ್ತಿ ಹಿಡ್ಕೊಳ್ಳಿ, ಅತ್ತಿಗೆ."