ಫೆಲಿಮ್ ಕೈ ಒರೆಸಿದ ಟವೆಲ್

ಐರ್ಲೆಂಡಿನ ಗಡಿಯಲ್ಲಿ ನಮ್ಮೂರು. ಬ್ರಿಟಿಷರ ಬೇಹುಗಾರನೆಂದು ನಮ್ಮ ಕಡೆಯ ಬಂಡುಕೋರರೇ ಒಯ್ದು ಕೊಂದ ನನ್ನಣ್ಣ ಯೂಜಿನ್‌ನ ಮೂಳೆಗಳು ನಲವತ್ತು ವರ್ಷಗಳ ಮೇಲೆ ಜೌಗುನೆಲದಲ್ಲಿ ಸಿಕ್ಕವು. ಕೊಂದವರು ಯಾರೆಂದು ಪೊಲೀಸರು ಕೇಳಿದರೆ ಊರಿಗೆ ಊರೇ ಬಾಯಿ ಹೊಲಿದುಕೊಂಡಿತು. ಆದರೂ ಸಾವಿನ ಮನೆಗೆ ಎಲ್ಲರೂ ಬಂದರು. ಇಲ್ಲಿ ಶವಪೆಟ್ಟಿಗೆ ಮುಟ್ಟದೆ ಯಾರೂ ಚಹಾ ಕುಡಿಯುವುದಿಲ್ಲ.

ನೆರೆಮನೆಯ ಫೆಲಿಮ್ ಮಾತ್ರ ಬಾಗಿಲಲ್ಲೇ ನಿಂತ.

"ಬಾರೋ, ಅವನೇನು ಕಚ್ತಾನಾ?" ಎಂದಳು ಅಮ್ಮ.

ನಕ್ಕು ಬಂದು ಮುಟ್ಟಿದ. ಕೈಯೆತ್ತಿದಾಗ ಬೆರಳುಗಳಿಂದ ಜೌಗಿನ ಕಂದು ನೀರು ತೊಟ್ಟಿಕ್ಕುತ್ತಿತ್ತು. ನಾನು ಪೆಟ್ಟಿಗೆ ಸವರಿ ನೋಡಿದೆ, ಒಣಗಿಯೇ ಇತ್ತು.

"ಬೆವರು ಕಣಮ್ಮಾ."

"ಬೆವರು ಇಷ್ಟು ತಣ್ಣಗಿರತ್ತೇನೋ?" ಅಮ್ಮ ಟವೆಲ್ಲಿನಿಂದ ಅವನ ಕೈ ಒರೆಸಿದಳು.

ಎಲ್ಲರೂ ಕಂಡರು, ಕಂಡು ಚಹಾದ ಕಪ್ಪಿನೊಳಗೆ ಕಣ್ಣು ನೆಟ್ಟರು.

ಇದು ಸಾಕ್ಷ್ಯವಲ್ಲವಂತೆ, ಪೊಲೀಸರು ಹೇಳಿದರು. ಆ ಟವೆಲ್ ಈ ಬೇಸಿಗೆಯಲ್ಲೂ ಒಲೆಯ ಮೇಲೆ ನೇತಾಡುತ್ತಿದೆ. ಅದರ ಕೆಳಗಿಟ್ಟ ಬಟ್ಟಲು ತುಂಬಿದಾಗಲೆಲ್ಲ ಅಮ್ಮ ಚೆಲ್ಲಿ ಬರುತ್ತಾಳೆ.