ಅಕ್ಕನ ಸೀರೆಯ ಕೆಂಪು

ಬಿ.ಸಿ.ರೋಡ್ ಪೇಟೆಯಲ್ಲಿ ವಿಡಿಯೋ ಸ್ಟುಡಿಯೋ ಇಟ್ಟಿದ್ದ ಅವನನ್ನು ಎಲ್ಲರೂ ಶೇಖರಣ್ಣ ಎಂದೇ ಕರೆಯುತ್ತಿದ್ದರು. ಎದುರಿನ ಜವಳಿ ಅಂಗಡಿಯ ಅಕ್ಷಿತಾ ಮಾತ್ರ ಎರಡು ವರ್ಷಗಳಲ್ಲಿ ಒಮ್ಮೆಯೂ ಹಾಗೆ ಕರೆದಿರಲಿಲ್ಲ. "ಸ್ಟುಡಿಯೋದವರೇ" ಎನ್ನುತ್ತಿದ್ದಳು, ಅದೂ ಕಣ್ಣಂಚಿನಲ್ಲಿ ನಗುತ್ತಾ. ಆ ಒಂದು 'ಅಣ್ಣ' ಇಲ್ಲದಿರುವುದನ್ನೇ ನೆಚ್ಚಿಕೊಂಡು ಶೇಖರ ವಾರಕ್ಕೊಂದು ಕರ್ಚೀಫು ಕೊಳ್ಳುತ್ತಾ ಬಂದಿದ್ದ.

2003ರ ಆ ಭಾನುವಾರ ಅವಳು ದಡದಡನೆ ಮೆಟ್ಟಿಲು ಹತ್ತಿ ಬಂದು, ಅವನು ಮಾಡಿಕೊಟ್ಟಿದ್ದ ಮದುವೆ ವಿಡಿಯೋದ ಸಿಡಿಯನ್ನು ಮೇಜಿನ ಮೇಲೆ ಕುಕ್ಕಿದಳು.

"ಏನಿದು ಶೇಖರಣ್ಣ?"

ಅವಳ ಬಾಯಿಂದ ಬಂದ ಮೊದಲ 'ಅಣ್ಣ'.

"ಅಕ್ಕನ ಮದುವೆ ಸೀರೆ ನಾನೇ ಆರಿಸಿದ್ದು. ಕಡು ಕೆಂಪು. ನೀವು ಟೊಮೆಟೊ ಮಾಡಿಟ್ಟಿದ್ದೀರಿ! ಕೆಂಪು ಹರಡಿ ಭಾವನ ಬಿಳಿ ಅಂಗಿಗೂ ಹತ್ತಿದೆ. ರಜೆ ಸಿಗದೆ ಅಪ್ಪನಿಗೆ ಮಸ್ಕತ್ತಿಂದ ಬರ್ಲಿಕ್ಕೇ ಆಗ್ಲಿಲ್ಲ. ಮಗಳ ಮದುವೆಯನ್ನು ಅವರು ಇದರಲ್ಲೇ ನೋಡ್ಬೇಕು. ನಾಡಿದ್ದು ಹೋಗುವವರ ಕೈಯಲ್ಲಿ ಕಳಿಸ್ಲಿಕ್ಕುಂಟು."

"ಅದು... ಕ್ಯಾಪ್ಚರ್ ಕಾರ್ಡಿನ ಡ್ರೈವರಿನದ್ದು ತೊಂದರೆ," ಎಂದ ಶೇಖರ. "ಕ್ಯಾಸೆಟ್ಟಿಂದ ಕಂಪ್ಯೂಟರಿಗೆ ಹಾಕುವಾಗ ಬಣ್ಣ ತನ್ನಷ್ಟಕ್ಕೇ ಏರ್ತದೆ." ಅದು ಹಸಿ ಸುಳ್ಳು.

ಅವಳು ಪೇಪರಿನಲ್ಲಿ ಸುತ್ತಿ ತಂದಿದ್ದ ಸೀರೆಯನ್ನೇ ಬಿಚ್ಚಿ ಮಾನಿಟರಿನ ಪಕ್ಕಕ್ಕಿಟ್ಟಳು. "ಇದನ್ನು ನೋಡಿ ಸರಿ ಮಾಡಿ. ಅಂಗಡಿಗೆ ರಜೆ. ನಾನು ಇಲ್ಲೇ ಕೂತ್ಕೊಳ್ತೇನೆ."

ಬೇರೆ ದಿನವಾಗಿದ್ದರೆ ಅವನಿಗೆ ಹಬ್ಬವಾಗುತ್ತಿತ್ತು. ಈಗ ಅವಳತ್ತ ನೋಡದೆ ಮದುವೆಯ ಕ್ಯಾಸೆಟ್ ಓಡಲು ಬಿಟ್ಟ. ಡ್ರೈವರಿನ ಪುಟ್ಟ ಕಿಟಕಿ ತೆರೆಯಿತು. ಒಂದು ಗೆರೆಯ ಮೇಲೆ ಬೆಳಕಿನ ಗೇನ್, ಇನ್ನೊಂದರ ಮೇಲೆ ಬಣ್ಣದ ಗಾಢತೆಯ ಸ್ಯಾಚುರೇಶನ್. ಎರಡನೆಯದನ್ನು ನೂರರವತ್ತರಿಂದ ನೂರಹದಿನೈದಕ್ಕೆ ಎಳೆದ. ಮಂಟಪದ ವಿಡಿಯೋ ಲೈಟಿನಲ್ಲಿ ಕುಳಿತ ಮದುಮಗಳ ಸೀರೆಯೂ ಮೇಜಿನ ಮೇಲಿನ ಸೀರೆಯೂ ಒಂದೇ ಬಣ್ಣಕ್ಕೆ ಬಂದವು.

"ಹಾಂ, ಇದೇ," ಎಂದು ಅವಳು ತಲೆಯಾಡಿಸುವಷ್ಟರಲ್ಲಿ ದೃಶ್ಯ ಬದಲಾಯಿತು. ಚಪ್ಪರದ ನೆರಳು. ಮಾವಿನ ಚಿಗುರಿನ ಬಣ್ಣದ ಸೀರೆಯುಟ್ಟು ಪನ್ನೀರು ಚಿಮುಕಿಸುತ್ತಿದ್ದ ಅಕ್ಷಿತಾ.

"ಅಯ್ಯೋ, ನಾನೇನು ಬೂದಿ ಮೆತ್ತಿಕೊಂಡಿದ್ದೆನಾ? ಮೊದಲು ಎಲ್ಲಿತ್ತೋ ಅಲ್ಲಿಗೇ ಇಡಿ, ನೋಡುವ."

ಅವನು ಅಳುಕುತ್ತಾ ನೂರರವತ್ತಕ್ಕೆ ಏರಿಸಿದ. ಚಿಗುರಿನ ಆ ತಾಮ್ರದ ಹೊಳಪು ಅಂದು ಉಟ್ಟಾಗ ಇದ್ದಂತೆಯೇ ಮರಳಿ ಬಂತು. ದಿನವಿಡೀ ಬಟ್ಟೆ ಬಿಡಿಸಿ ತೋರಿಸುವವಳ ಕಣ್ಣಿಗೆ ಅದು ತಿಳಿಯದೆ ಇರಲಿಲ್ಲ. ಅವಳು ಪರದೆಯನ್ನು ನೋಡಿದಳು, ಆಮೇಲೆ ಅವನನ್ನು ನೋಡಿದಳು.

"ಇದು ತನ್ನಷ್ಟಕ್ಕೇ ಆದದ್ದಾ?"

ಹೌದು ಎಂದುಬಿಟ್ಟರೆ ಕೆಲಸ ಸುಲಭ. ಆದರೆ ಅವಳು ಸಿಡಿ ತೆಗೆದುಕೊಂಡು ಹೋಗುತ್ತಾಳೆ, ಇವನು ಜೀವನಪರ್ಯಂತ ಶೇಖರಣ್ಣನಾಗಿ ಉಳಿಯುತ್ತಾನೆ.

"ಇಲ್ಲ," ಎಂದ. "ನಿಮ್ಮನ್ನು ನೋಡಿ ಇಟ್ಟದ್ದು. ನೆರಳಲ್ಲಿ ನೀವು ಮಾಸಿದ ಹಾಗೆ ಕಾಣ್ತಿದ್ರಿ. ನಿಮ್ಮ ಬಣ್ಣ ಬರುವವರೆಗೆ ಏರಿಸಿದೆ. ಮತ್ತೆ ಬೇರೆ ಯಾರನ್ನೂ ನೋಡ್ಲೇ ಇಲ್ಲ. ಮದುಮಗಳನ್ನು ಕೂಡ."

ಅಕ್ಷಿತಾ ಸ್ಟೂಲನ್ನು ಹತ್ತಿರಕ್ಕೆಳೆದು ಮೌಸನ್ನು ತನ್ನ ಕೈಗೆ ತೆಗೆದುಕೊಂಡಳು. "ಕ್ಯಾಸೆಟ್ ಮೊದಲಿಂದ ಹಾಕಿ," ಎಂದಳು.

ಮಧ್ಯಾಹ್ನವಿಡೀ ಕೆಲಸ ನಡೆಯಿತು. ಅಕ್ಕ ಬಂದಾಗಲೆಲ್ಲ ಅವಳು ಸೀರೆಯ ಮೇಲೊಂದು ಕಣ್ಣಿಟ್ಟು ಬಣ್ಣ ಇಳಿಸುವಳು. ತಾನು ಬಂದಾಗ ಮಾತ್ರ ಮೌಸಿನಿಂದ ಕೈ ತೆಗೆದು, ಕಿಟಕಿಯಾಚೆ ಪುಂಜಾಲಕಟ್ಟೆಯ ಬಸ್ಸನ್ನು ಬಹಳ ಗಂಭೀರವಾಗಿ ನೋಡುವಳು. ಆಗ ಶೇಖರ ಏರಿಸುವನು. ನಾಲ್ಕನೆಯ ಸಲ ಅವಳ ಕೆನ್ನೆ ಕೆಂಪಗಾದದ್ದನ್ನು ಅವನು ನೋಡಿದ. ಅವನ ಜೀವಕ್ಕೆ ಹಾಯೆನಿಸಿತು.

ಸಿಡಿ ತಯಾರಾದಾಗ ಅವಳು ಸೀರೆ ಮಡಚಿದಳು. "ಕರ್ಚೀಫು ಎಷ್ಟಾಯ್ತು ಈಗ?"

"ತೊಂಬತ್ತಾರು."

"ಇನ್ನು ಸಾಕು. ಬರುವ ಭಾನುವಾರ ನಿಮ್ಮ ಅಮ್ಮನನ್ನು ಕರ್ಕೊಂಡು ನಮ್ಮ ಮನೆಗೆ ಬನ್ನಿ."

"ಶೇಖರಣ್ಣ ಬರಬೇಕಾ?"

"ಅದು ಸಿಟ್ಟಲ್ಲಿ ಬಂದ ಮಾತು ಮಾರಾಯ್ರೆ. ವಾಪಸ್ ತಗೊಂಡೆ."

ಎರಡು ಮೆಟ್ಟಿಲು ಇಳಿದವಳು ತಿರುಗಿ ನಿಂತಳು.

"ಒಂದು ಮಾತ್ರ ಈಗಲೇ ಹೇಳ್ತೇನೆ. ನಮ್ಮ ಮದುವೆಯ ವಿಡಿಯೋ ಬೇರೆ ಸ್ಟುಡಿಯೋಗೆ ಕೊಡುವ. ನೀವು ಮಾಡಿದ್ರೆ ಬಂದ ನೆಂಟರೆಲ್ಲ ಟೊಮೆಟೊ ಆಗ್ತಾರೆ."