ಸಾವಿರ ತಲೆಗಳೊಳಗಿನ ನಗರಿ

ಬಸ್ ಕಂಡಕ್ಟರಾಗಿದ್ದ ಯಲ್ಲಮ್ಮನ ಹಣೆಗೆ ತೆಳುವಾದ ಪಟ್ಟಿಯೊಂದನ್ನು ಕಟ್ಟಿ ಕುರ್ಚಿಯಲ್ಲಿ ಕೂರಿಸಿದ್ದರು. ಯಂತ್ರ ಮೆಲುದನಿಯಲ್ಲಿ ‘ಕಾರು ಓಡಿಸುವ ಆಟ’ ಎಂದಿತು. ಮರುಕ್ಷಣ ಎದುರಿನ ಪರದೆಯ ಮೇಲೆ ಹಳದಿ ಕಾರು, ಬೆಟ್ಟದ ತಿರುವು, ಮೂಲೆಯಲ್ಲಿ ಓಡುವ ಅಂಕಿಗಳು ಮೂಡಿದವು. ಆ ವಿಡಿಯೊ ಗೇಮನ್ನು ಅವಳು ಕೊನೆಯ ಸಲ ಆಡಿ ಇಪ್ಪತ್ತು ವರ್ಷವಾಗಿತ್ತು. ಹೆಸರೂ ಮರೆತುಹೋಗಿತ್ತು. ಯಂತ್ರಕ್ಕೆ ಆಟದ ಹೆಸರಿನ ಅಗತ್ಯವಿರಲಿಲ್ಲ.

ಆ ಯಂತ್ರದ ಹೆಸರು ಮನೋಬಿಂಬಕ. ಒಂದು ಮಾತು ಕಿವಿಗೆ ಬಿದ್ದೊಡನೆ, ನಾವು ಯೋಚಿಸತೊಡಗುವ ಮೊದಲೇ, ಮಿದುಳಿನಲ್ಲಿ ಒಂದು ಚಿತ್ರ ಸುಳಿಯುತ್ತದೆ. ಸೆಕೆಂಡಿನ ಐದರಲ್ಲೊಂದು ಭಾಗದಷ್ಟು ಹೊತ್ತು ಮಾತ್ರ ಇರುವ ಆ ಚಿತ್ರವನ್ನು ಹಿಡಿದು ಪರದೆಗೆ ತರುವುದು ಈ ಯಂತ್ರದ ಕೆಲಸ. ಇದನ್ನು ಕಂಡುಹಿಡಿದವರು ಡಾ. ಇಂದುಮತಿ ಮುಧೋಳ. 2064ರಲ್ಲಿ ಹುಬ್ಬಳ್ಳಿಯಲ್ಲಿ ಗಣಕ ಆಟಗಳ ಸಂಗ್ರಹಾಲಯ ಕಟ್ಟಿದಾಗ, ಒಂದೊಂದು ಬಗೆಯ ಆಟಕ್ಕೂ ಒಂದೇ ಪ್ರದರ್ಶನ ಪೀಠ ಎಂದು ಸಮಿತಿ ತೀರ್ಮಾನಿಸಿತ್ತು. ಪೀಠದ ಮೇಲೆ ಯಾವ ಆಟ ಕೂರಬೇಕೆಂಬ ಜಗಳ ಎರಡು ವರ್ಷ ನಡೆದು, ಕೊನೆಗೆ ಸಾವಿರ ಜನರ ತಲೆಯನ್ನೇ ಕೇಳೋಣವೆಂದು ಇಂದುಮತಿಯವರನ್ನು ಕರೆಸಿದ್ದರು.

ಯಲ್ಲಮ್ಮ ಎದ್ದುಹೋದ ಮೇಲೆ ಒಳಗೆ ಬಂದವರು ರೇವಣಸಿದ್ಧಪ್ಪ ಸವದತ್ತಿ. ವಯಸ್ಸು ಅರವತ್ತೆಂಟು. ಊರು ಕಟ್ಟುವ ಆಟವೆಂಬ ಬಗೆಯನ್ನೇ ನಾಡಿನಲ್ಲಿ ಮೊದಲು ತಂದವರು ಅವರು. ನಾಲ್ಕು ವರ್ಷ ತಲೆಯೆತ್ತದೆ ದುಡಿದು ‘ಪುರ’ ಎಂಬ ಆಟ ಮಾಡಿದ್ದರು. ಅದು ಬಂದ ಏಳು ವರ್ಷಕ್ಕೆ ದೊಡ್ಡ ಕಂಪನಿಯೊಂದು ‘ನಗರಿ’ಯನ್ನು ತಂದಿತು. ನಗರಿ ಎರಡು, ನಗರಿ ಮೂರು ಎಂದು ಬೆಳೆಯುತ್ತ ಈಗ ಹನ್ನೊಂದಕ್ಕೆ ಬಂದಿತ್ತು. ಊರು ಕಟ್ಟುವ ಯಾವ ಆಟವನ್ನು ಕಂಡರೂ ಜನ ‘ನಗರಿ ಥರದ್ದು’ ಎನ್ನುತ್ತಿದ್ದರು. ಪುರವನ್ನೂ ಹಾಗೇ ಕರೆಯುತ್ತಿದ್ದರು. ಅಪ್ಪನನ್ನು ನೋಡಿ ಥೇಟ್ ಮಗನ ಹಾಗೇ ಇದ್ದಾನೆ ಎಂದಂತೆ ಅವರಿಗೆ ಅದು ಚುಚ್ಚುತ್ತಿತ್ತು.

ಮೊದಲು ಹುಟ್ಟಿದ್ದಕ್ಕೆ ಪೀಠ ಸಲ್ಲಬೇಕೆಂದು ಅವರು ವಾದಿಸಿದರು. ಇಂದುಮತಿಯವರು ಶಾಂತವಾಗಿ ಕೇಳಿಸಿಕೊಂಡು, ಹಕ್ಕಿ ಅಂದರೆ ನಿಮಗೇನು ಕಾಣುತ್ತದೆ ಎಂದು ಕೇಳಿದರು. ಗುಬ್ಬಿ ಎಂದರು ರೇವಣಸಿದ್ಧಪ್ಪ.

“ಉಷ್ಟ್ರಪಕ್ಷಿ ಯಾಕ ಕಾಣಲಿಲ್ಲರೀ? ಅದೂ ಹಕ್ಕಿನೇ ಅದ. ಗುಬ್ಬಿಗಿಂತ ಮೊದಲೇ ಹುಟ್ಟೇದ.”

“ಅದನ್ನ ಯಾರು ನೋಡ್ಯಾರ್ರೀ ನಮ್ಮೂರಾಗ?”

“ಅಷ್ಟ ನೋಡ್ರಿ ವಿಷಯ,” ಎಂದರು ಇಂದುಮತಿ.

ರೇವಣಸಿದ್ಧಪ್ಪನವರಿಗೆ ಸಮಾಧಾನವಾಗಲಿಲ್ಲ. ಯಂತ್ರದ ಮೇಲೆಯೇ ಅನುಮಾನ ಬಂದು, ತಮ್ಮನ್ನೂ ಪರೀಕ್ಷಿಸಬೇಕೆಂದು ಹಟ ಹಿಡಿದರು. ಆಟ ಮಾಡಿದವರನ್ನು ಲೆಕ್ಕಕ್ಕೆ ಹಿಡಿಯುವಂತಿರಲಿಲ್ಲ. ಆದರೂ ಹಿರಿಯರ ಮಾತು ಮೀರಲಾಗದೆ ಇಂದುಮತಿ ಪಟ್ಟಿ ಕಟ್ಟಿದರು. ‘ಊರು ಕಟ್ಟುವ ಆಟ’ ಎಂದಿತು ಯಂತ್ರ. ಪರದೆಯ ಮೇಲೆ ನೀಲಿ ಹೆಂಚಿನ ಮನೆಗಳು, ದುಂಡನೆಯ ಕೆರೆ, ಆಸ್ಪತ್ರೆಯ ಪಕ್ಕದಲ್ಲಿ ಒಂದು ಹಿಟ್ಟಿನ ಗಿರಣಿ ಮೂಡಿದವು.

ಅದು ನಗರಿ ನಾಲ್ಕು.

ಇಂದುಮತಿ ನಗಲಿಲ್ಲ. ನಗು ತಡೆಯಲು ಪರದೆಯ ಕಡೆ ಬಾಗಿ ಏನನ್ನೋ ಸರಿಪಡಿಸುವವರಂತೆ ನಟಿಸಿದರು. ರೇವಣಸಿದ್ಧಪ್ಪ ಪಟ್ಟಿಯನ್ನು ತಾವೇ ಬಿಚ್ಚಿ ಮಡಿಲಲ್ಲಿಟ್ಟುಕೊಂಡರು. ಆಮೇಲೆ, ಯಾರಿಗೂ ಹೇಳದಿದ್ದ ಸಂಗತಿಯನ್ನು ಹೇಳಿದರು.

ಹದಿನೆಂಟು ವರ್ಷದ ಹಿಂದೆ ಅವರ ಹೆಂಡತಿ ಗಿರಿಜವ್ವ, ಶಾಲೆಯಲ್ಲಿ ಟೀಚರಾಗಿದ್ದವರು, ಮೆಟ್ಟಿಲಿಂದ ಜಾರಿ ಕಾಲು ಮುರಿದುಕೊಂಡು ಮೂರು ತಿಂಗಳು ಮಲಗಿದ್ದರು. ಬೇಸರ ಕಳೆಯಲು ಗಂಡ ಪುರವನ್ನು ಮುಂದಿಟ್ಟರೆ ಆಕೆ ಮುಖ ತಿರುಗಿಸಿದರು. ನಾಲ್ಕು ವರ್ಷ ಗಂಡನನ್ನು ಕಸಿದುಕೊಂಡ ಪುರ ತನಗೆ ಸವತಿ ಇದ್ದ ಹಾಗೆ ಎಂದರು. ಬೇರೆ ದಾರಿಯಿಲ್ಲದೆ ಇವರು ಕದ್ದುಮುಚ್ಚಿ ನಗರಿ ನಾಲ್ಕನ್ನು ತಂದರು. ಅದನ್ನು ಇಬ್ಬರು ಕೂಡಿ ಆಡಬಹುದಿತ್ತು. ಗಿರಿಜವ್ವ ಆಸ್ಪತ್ರೆಯ ಮಗ್ಗುಲಿಗೇ ಗಿರಣಿ ಕಟ್ಟಿದರು. ಅದರ ಸದ್ದಿಗೆ ರೋಗಿಗಳಿಗೆ ನಿದ್ದೆ ಬರುವುದಿಲ್ಲವೆಂದು ಗಂಡ, ಹಿಟ್ಟು ಬೀಸಿಸಿಕೊಂಡು ಹಾಗೇ ರೋಗಿಯನ್ನು ನೋಡಿಬರಬಹುದೆಂದು ಹೆಂಡತಿ. ಆ ಜಗಳ ಮೂರು ತಿಂಗಳು ನಡೆಯಿತು.

“ಪುರ ನಾ ಮಾಡೀನ್ರಿ, ಆದ್ರ ಒಂದಿನಾನೂ ಆಡಿಲ್ಲ,” ಎಂದರು ರೇವಣಸಿದ್ಧಪ್ಪ. “ಅದನ್ನ ನೋಡಿದಾಗೆಲ್ಲ ನನಗ ತಪ್ಪುಗಳಷ್ಟ ಕಾಣ್ತಿದ್ದುವು.”

ಅವರು ಹೋದ ಮೇಲೆ ಇಂದುಮತಿ ಆ ಚಿತ್ರವನ್ನು ಮತ್ತೆ ತೆರೆದರು. ಆಟವಲ್ಲದ ಗೆರೆಗಳನ್ನೆಲ್ಲ ಕಸವೆಂದು ಸೋಸಿ ಹಾಕುವಂತೆ ಯಂತ್ರಕ್ಕೆ ಅವರೇ ಹೇಳಿಕೊಟ್ಟಿದ್ದರು. ಸೋಸಿದ್ದನ್ನು ಹೊರತೆಗೆದು ನೋಡಿದರೆ ಪರದೆಯ ಅಂಚಿನಲ್ಲಿ ಬಿಳಿ ಪ್ಲಾಸ್ಟರ್ ಹಾಕಿದ ಒಂದು ಕಾಲು, ಹಸಿರು ಬಳೆಯ ಕೈ ಇದ್ದವು. ಸಾವಿರ ಜನರ ಕಸವನ್ನೂ ಎರಡು ವಾರ ಕೂತು ಜಾಲಾಡಿದರು. ಏಳುನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಪಕ್ಕದಲ್ಲಿ ಯಾರೋ ಇದ್ದರು: ಒಂದು ಭುಜ, ಅಕ್ಕನ ಜಡೆ, ಚುರುಮುರಿ ಹಿಡಿದ ಬೊಗಸೆ. ಯಲ್ಲಮ್ಮನ ಹಳದಿ ಕಾರಿನ ಪಕ್ಕ ಅವಳ ಸೋದರಮಾವನ ಮೀಸೆಯಿತ್ತು.

ಇಂದುಮತಿಯವರ ವರದಿ ಚಿಕ್ಕದಾಗಿತ್ತು. ಒಂದು ಬಗೆಗೆ ಹೆಸರಾಗುವ ಆಟ ಮೊದಲನೆಯದೂ ಅಲ್ಲ, ಎಲ್ಲಕ್ಕಿಂತ ಒಳ್ಳೆಯದೂ ಅಲ್ಲ. ನಮ್ಮವರು ಪಕ್ಕದಲ್ಲಿದ್ದಾಗ ಎದುರಿಗಿದ್ದದ್ದು. ನಗರಿಯಂಥ ಸರಣಿಗಳು ಗೆಲ್ಲುವುದು ಮೂರು ವರ್ಷಕ್ಕೊಮ್ಮೆ ಮತ್ತೆ ಬರುವುದರಿಂದ. ಅಕ್ಕ ಆಡಿದ್ದರ ಹೆಸರನ್ನೇ ತಂಗಿಯೂ ಹೇಳುತ್ತಾಳೆ, ಇಬ್ಬರಿಗೂ ಮಾತಾಡಲು ಒಂದೇ ಶಬ್ದ ಸಿಗುತ್ತದೆ. ಸಮಿತಿಯವರು ಓದಿ ತಲೆ ಕೆರೆದುಕೊಂಡರು. ನಗರಿಗೆ ಪೀಠ ಸಿಕ್ಕಿತು. ಇಂದುಮತಿ ಕೇಳಿದಂತೆ ಪ್ರತಿ ಪೀಠದ ಮುಂದೆ ಒಂದರ ಬದಲು ಎರಡು ಕುರ್ಚಿ ಹಾಕಿಸಲು ಮಾತ್ರ ಅವರು ಒಪ್ಪಿದರು.

ಉದ್ಘಾಟನೆಯ ದಿನ ಗಿರಿಜವ್ವ ಗಂಡನೊಡನೆ ಬಂದು, ನಗರಿಯ ಮುಂದೆ ನಿಂತು, ಪುರ ಎಲ್ಲಿ ಎಂದು ಕೇಳಿದರು. ಗೋದಾಮಿನಲ್ಲಿದೆ ಎಂದಾಗ ತರಿಸಿ ಎಂದರು. ಟೀಚರಮ್ಮನ ದನಿಗೆ ಸಿಬ್ಬಂದಿ ಎದುರಾಡಲಿಲ್ಲ. ಮೂವತ್ತೇಳು ವರ್ಷ ಮುಟ್ಟದಿದ್ದ ಆಟವನ್ನು ಅವರು ಆಡಲು ಕೂತರು. ಹತ್ತು ನಿಮಿಷಕ್ಕೆ ಕೆರೆಯ ಒಡ್ಡು ಒಡೆದು ಊರು ಮುಳುಗಿತು.

“ಇಂಥಾ ಊರ ಕಟ್ಟಾಕ ನಾಕ ವರ್ಷ ಬೇಕಾತೇನ್ರಿ?” ಎಂದರು ಗಂಡನ ಕಡೆ ತಿರುಗಿ.

ರೇವಣಸಿದ್ಧಪ್ಪ ಪಕ್ಕದ ಕುರ್ಚಿಯಲ್ಲಿ ಕೂತು ಒಡ್ಡು ಕಟ್ಟುವುದನ್ನು ತೋರಿಸಿದರು. ಆಕೆ ಕೇಳಲಿಲ್ಲ. ಊರು ಮತ್ತೆ ಮುಳುಗಿತು. ಸುತ್ತ ಜನ ಸೇರಿ, ಅರ್ಧ ಮಂದಿ ಅಜ್ಜನ ಕಡೆ, ಅರ್ಧ ಮಂದಿ ಅಜ್ಜಿಯ ಕಡೆ ಆದರು. ಮುಚ್ಚುವ ಹೊತ್ತಾದರೂ ಯಾರೂ ಕದಲಲಿಲ್ಲ.

ಮರುವರ್ಷ ಇಂದುಮತಿ ಇನ್ನೊಂದು ಸಾವಿರ ಜನರನ್ನು ಪರೀಕ್ಷಿಸಿದರು. ಹನ್ನೊಂದು ಮಂದಿಯ ತಲೆಯಲ್ಲಿ ಪುರ ಮೂಡಿತು. ಅವರಲ್ಲಿ ಒಬ್ಬರೂ ಅದನ್ನು ಆಡಿದವರಲ್ಲ, ಉದ್ಘಾಟನೆಯ ದಿನ ಸುತ್ತ ನಿಂತು ನೋಡಿದವರು. ಸುದ್ದಿ ಕೇಳಿ ಓಡಿಬಂದ ರೇವಣಸಿದ್ಧಪ್ಪನವರ ಮುಂದೆ ಇಂದುಮತಿ ಚಿತ್ರಗಳನ್ನು ಹರಡಿದರು.

“ಆಟ ಸ್ವಲ್ಪ ಮಸಕಾಗೇದರೀ,” ಎಂದರು, “ನಿಮ್ಮ ಮನಿ ಅಕ್ಕಾರು ಮಾತ್ರ ಸ್ವಚ್ಛ ಕಾಣಸ್ತಾರ.”

ರೇವಣಸಿದ್ಧಪ್ಪ ಒಂದು ಪ್ರತಿಯನ್ನು ಕೇಳಿ ಪಡೆದು ಮನೆಗೆ ಒಯ್ದರು. ಗಿರಿಜವ್ವ ಕನ್ನಡಕ ಏರಿಸಿ ನೋಡಿ, ಅವತ್ತು ತಾವು ಉಟ್ಟದ್ದು ಇಳಕಲ್ಲ ಸೀರೆ, ಅದರ ಸೆರಗು ಇಷ್ಟು ಸಣ್ಣದಿಲ್ಲ, ಈ ಯಂತ್ರ ಇನ್ನೂ ಸುಧಾರಿಸಬೇಕು ಎಂದರು.